ಪದಚರ್ಚೆ: ‘ಟ್ಯಾಂಕಿಂಗ್’ ಎಂದರೆ ಸೋತದ್ದೋ, ಸೋತುಕೊಂಡದ್ದೋ?

ಪ್ರಶ್ನೆ

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಕುರಿತ ಬರಹಗಳಲ್ಲಿ ‘ಟ್ಯಾಂಕ್’ ಎಂಬುದು ಕ್ರಿಯಾಪದವಾಗಿ ಮತ್ತೆ ಮತ್ತೆ ಬರುತ್ತದೆ. ನಿಘಂಟಿನಲ್ಲಿ ಹುಡುಕಿದರೆ ತೊಟ್ಟಿ, ಕೆರೆ, ಯುದ್ಧದ ಟ್ಯಾಂಕು, ಇಷ್ಟೇ ಸಿಗುತ್ತದೆ. ಸಿನಿಮಾ ಮತ್ತು ಷೇರುಪೇಟೆಯ ಸುದ್ದಿಯಲ್ಲಿ ಇದೇ ಪದಕ್ಕೆ ನೆಲಕಚ್ಚಿತು, ಮಕಾಡೆ ಮಲಗಿತು ಎಂಬ ಅರ್ಥ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಮಾತ್ರ ಬೇಕೆಂದೇ ಸೋಲುವುದು ಎನ್ನುತ್ತಾರೆ. ಇಪ್ಪತ್ತರ ಆಸುಪಾಸಿನ ಹುಡುಗರೇ ತುಂಬಿರುವ ತಂಡವೊಂದು ಸಾಲುಸಾಲಾಗಿ ಸೋಲುತ್ತಿದೆ ಎಂದಿಟ್ಟುಕೊಳ್ಳಿ. ಅದರ ಬಗ್ಗೆ ಈ ಪದ ಬಂದರೆ ಯಾವ ಅರ್ಥ ಹಿಡಿಯಬೇಕು? ‘ತಂಡ ಬೇಕೆಂದೇ ಸೋಲುತ್ತಿದೆ’ ಎಂದು ಬರೆದರೆ ಸರಿಯೇ? ಕನ್ನಡದ್ದೇ ಒಂದು ಮಾತು ಸಿಗಬಹುದೇ? ಬಲ್ಲವರು ತಿಳಿಸಬೇಕು.

ಮೊದಲ ಉತ್ತರ

ಎರಡು ಅರ್ಥಗಳೂ ಚಾಲ್ತಿಯಲ್ಲಿವೆ, ಗೊಂದಲ ಹುಟ್ಟುವುದೂ ಅದರಿಂದಲೇ. ಸಿನಿಮಾ ಟ್ಯಾಂಕ್ ಆಯಿತು ಎಂದರೆ ಅದರಲ್ಲಿ ಯಾರ ಬಯಕೆಯೂ ಇಲ್ಲ, ತೋಪಾಯಿತು ಅಷ್ಟೆ. ಎನ್‌ಬಿಎಯಲ್ಲಿ ಈ ಪದ ಬಂದರೆ ಬಹುಮಟ್ಟಿಗೆ ಅದೊಂದು ಆರೋಪ. ಗೆಲ್ಲುವುದಕ್ಕಿಂತ ಸೋಲುವುದರಲ್ಲೇ ಲಾಭ ಕಂಡು ತಂಡವನ್ನು ಹಾಗೆ ಇಟ್ಟಿದ್ದಾರೆ ಎಂಬುದು ಅದರ ಇಂಗಿತ.

ಸೋಲಿನಲ್ಲಿ ಲಾಭ ಹೇಗೆ ಎಂಬುದು ಬಿಡಿಸಿಕೊಳ್ಳದೆ ಪದ ಸಿಗುವುದಿಲ್ಲ. ಹೊಸ ಆಟಗಾರರನ್ನು ಅಲ್ಲಿ ಐಪಿಎಲ್‌ನಂತೆ ಹರಾಜು ಹಾಕುವುದಿಲ್ಲ. ವರ್ಷಕ್ಕೊಮ್ಮೆ ಡ್ರಾಫ್ಟ್ ನಡೆಯುತ್ತದೆ. ತಂಡಗಳು ಸರದಿಯ ಮೇಲೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ, ಹೆಚ್ಚು ಸೋತವರಿಗೆ ಮುಂಚಿನ ಸರದಿ ಸಿಗುವ ಸಂಭವ ಹೆಚ್ಚು. ಅಂಗಳದಲ್ಲಿ ಐದೇ ಜನ ಆಡುವ ಆಟವಾದ್ದರಿಂದ ಅಸಾಮಾನ್ಯನಾದ ಒಬ್ಬ ಹುಡುಗ ಸಿಕ್ಕಿದರೂ ತಂಡದ ಹಣೆಬರಹ ಬದಲಾಗುತ್ತದೆ. (ಐಪಿಎಲ್‌ನಲ್ಲಿ ಕೊನೆಯ ಸ್ಥಾನಕ್ಕೆ ಇಂಥ ಬಹುಮಾನವಿಲ್ಲ. ನಮ್ಮ ಕ್ರಿಕೆಟ್ ಮಾತಿನಲ್ಲಿ ಈ ಪದ ಬೇಕಾಗದೇ ಇದ್ದುದು ಅದಕ್ಕೇ.) 1984ರವರೆಗೆ ಎರಡು ವಿಭಾಗಗಳ ಕಟ್ಟಕಡೆಯ ತಂಡಗಳ ನಡುವೆ ನಾಣ್ಯ ಚಿಮ್ಮಿ ಮೊದಲ ಸರದಿ ಯಾರದೆಂದು ತೀರ್ಮಾನಿಸುತ್ತಿದ್ದರು. ಆ ವರ್ಷ 29 ಗೆದ್ದು 53 ಸೋತ ಹ್ಯೂಸ್ಟನ್ ರಾಕೆಟ್ಸ್ ನಾಣ್ಯದಲ್ಲಿ ಗೆದ್ದು ಹಕೀಮ್ ಒಲಾಜುವಾನ್ ಅವರನ್ನು ಪಡೆಯಿತು. ಕೊನೆಕೊನೆಯ ಪಂದ್ಯಗಳನ್ನು ಬೇಕೆಂದೇ ಕಳೆದುಕೊಂಡರು ಎಂಬ ಗುಲ್ಲೆದ್ದಿತು, ಮರುವರ್ಷವೇ ಲಾಟರಿ ಬಂತು. ಆಗ ತಂಡಕ್ಕೊಂದರಂತೆ ಏಳು ಲಕೋಟೆಗಳನ್ನಿಟ್ಟು ಎತ್ತುತ್ತಿದ್ದರು. ಆಮೇಲೆ ಅಂಕೆ ಬರೆದ 14 ಚೆಂಡುಗಳಲ್ಲಿ ನಾಲ್ಕನ್ನು ಎತ್ತುವ ಪದ್ಧತಿ ಬಂತು. ಅದರಲ್ಲಿ 1001 ಜೋಡಣೆ ಸಾಧ್ಯ. ಒಂದನ್ನು ಕೈಬಿಟ್ಟು ಉಳಿದ 1000ವನ್ನು ಪ್ಲೇಆಫ್ ತಲುಪದ 14 ತಂಡಗಳಿಗೆ ಹಂಚುತ್ತಾರೆ. 2018ರವರೆಗೆ ಕಟ್ಟಕಡೆಯ ತಂಡಕ್ಕೆ 250 ಜೋಡಣೆ, ಅಂದರೆ ಶೇ 25ರ ಅವಕಾಶ. ಇದು ಸೋಲಿಗೆ ಕೊಟ್ಟ ಸಂಬಳದಂತಾಯಿತು ಎಂದು 2019ರಲ್ಲಿ ಕೊನೆಯ ಮೂರು ತಂಡಗಳಿಗೂ ತಲಾ ಶೇ 14 ಮಾಡಿದರು. ಮೊದಲ ನಾಲ್ಕು ಸರದಿಗೆ ಲಾಟರಿ, ಅಲ್ಲಿಂದಾಚೆಗೆ ಸೋಲಿನ ಕ್ರಮ. ಹೀಗಾಗಿ ಎಲ್ಲರಿಗಿಂತ ಹೆಚ್ಚು ಸೋತವರು ಐದನೇ ಸರದಿಗೆ ಜಾರುವ ಸಂಭವ ಶೇ 47.9. 2025ರಲ್ಲಿ 65 ಪಂದ್ಯ ಸೋತ ಯೂಟಾ ಜಾಜ್‌ಗೆ ಸಿಕ್ಕಿದ್ದು ಐದನೆಯದೇ. ಮೊದಲನೆಯದು ಶೇ 1.8ರ ಅವಕಾಶವಿದ್ದ ಡಲ್ಲಾಸ್ ಪಾಲಾಯಿತು.

ಈಗ ‘ಬೇಕೆಂದೇ’ ಎಂಬುದಕ್ಕೆ ಬರೋಣ. ಯಾರಿಗೆ ಬೇಕು? ಅಂಗಳದಲ್ಲಿರುವ ಹುಡುಗನಿಗಂತೂ ಬೇಡ. ಮುಂದಿನ ಡ್ರಾಫ್ಟ್‌ನಲ್ಲಿ ಬರುವವನು ಅವನ ಜಾಗಕ್ಕೇ ಬರುವವನು, ಅವನ ಮುಂದಿನ ಒಪ್ಪಂದದ ಬೆಲೆ ನಿಂತಿರುವುದು ಇವತ್ತಿನ ಆಟದ ಮೇಲೆ. ಕೋಚ್‌ಗೂ ಬೇಡ, ಸೋತಾಗ ಮೊದಲು ಹೋಗುವುದು ಅವರ ಕೆಲಸ. ಲಾಭವಿರುವುದು ಮಾಲೀಕರಿಗೆ, ತಂಡ ಕಟ್ಟುವ ಜನರಲ್ ಮ್ಯಾನೇಜರ್‌ಗೆ. ಆದ್ದರಿಂದ ಗುರಿ ತಪ್ಪಿದ ಚೆಂಡನ್ನು ನೋಡಿ ತೀರ್ಮಾನಿಸಬಾರದು, ಕಚೇರಿಯ ನಡೆಯನ್ನು ನೋಡಬೇಕು. ಫೆಬ್ರವರಿಯಲ್ಲಿ ಅದಲುಬದಲಿನ ಗಡುವು ಮುಗಿಯುವ ಮುಂಚೆ ಅನುಭವಿಗಳನ್ನು ಕೊಟ್ಟು ಮುಂದಿನ ವರ್ಷಗಳ ಡ್ರಾಫ್ಟ್ ಸರದಿಗಳನ್ನು ಕೊಂಡಿದ್ದಾರೆಯೇ? ಮಾರ್ಚ್ ಬರುತ್ತಿದ್ದಂತೆ ಚೆನ್ನಾಗಿದ್ದ ತಾರೆಗೆ ಬೆನ್ನುನೋವು ಶುರುವಾಯಿತೇ? ಪಂದ್ಯ ಹಣಾಹಣಿಯಲ್ಲಿರುವಾಗ, ಮೂರು ಕ್ವಾರ್ಟರ್ ಆಡಿದವನನ್ನು ಕೊನೆಯ 12 ನಿಮಿಷ ಬೆಂಚಿನ ಮೇಲೆ ಕೂರಿಸಿ ಹತ್ತು ದಿನದ ಒಪ್ಪಂದದವರನ್ನು ಆಡಿಸಿದರೇ? ಎಲ್ಲಕ್ಕಿಂತ ಗಟ್ಟಿ ಸುಳಿವು ಇನ್ನೊಂದಿದೆ. ತಮ್ಮ ಡ್ರಾಫ್ಟ್ ಸರದಿಯನ್ನು ಬೇರೆಯವರಿಗೆ ಬರೆದುಕೊಟ್ಟು ‘ಮೊದಲ ಹತ್ತರೊಳಗೆ ಬಿದ್ದರೆ ಮಾತ್ರ ನಮಗೇ’ ಎಂಬ ಷರತ್ತು ಇಟ್ಟುಕೊಂಡಿದ್ದಾರೆಯೇ?

ಡಲ್ಲಾಸ್ ಮ್ಯಾವರಿಕ್ಸ್‌ಗೆ ಇಂಥ ಷರತ್ತಿತ್ತು. 2023ರ ಏಪ್ರಿಲ್ 7ರಂದು ಅವರಿಗೆ ಮುಂದಿನ ಹಂತದ ಬಾಗಿಲು ಇನ್ನೂ ಮುಚ್ಚಿರಲಿಲ್ಲ. ಆದರೂ ಶಿಕಾಗೊ ಬುಲ್ಸ್ ಎದುರು ಕೈರಿ ಅರ್ವಿಂಗ್ ಮತ್ತಿತರರನ್ನು ಆಡಿಸಲಿಲ್ಲ. ಲೂಕಾ ಡಾನ್ಚಿಚ್ ಆಡಿದ್ದು ಹೆಚ್ಚುಕಡಿಮೆ ಮೊದಲ ಕ್ವಾರ್ಟರ್ ಮಾತ್ರ. 112–115ರಿಂದ ಸೋತರು, ಸರದಿ ನ್ಯೂಯಾರ್ಕ್ ನಿಕ್ಸ್‌ಗೆ ಹೋಗದೆ ಉಳಿಯಿತು. ಲೀಗ್ ಏಳೂವರೆ ಲಕ್ಷ ಡಾಲರ್ ದಂಡ ಹಾಕಿತು. ದಂಡದ ಹೇಳಿಕೆಯಲ್ಲಿ ನಮಗೆ ಬೇಕಾದ ವ್ಯಾಕರಣವಿದೆ. ಸೋಲುವ ಬಯಕೆ ಸಂಸ್ಥೆಗಿತ್ತು ಎಂದರು, ಅಂಗಳಕ್ಕಿಳಿದವರು ಗೆಲ್ಲಲು ಆಡಲಿಲ್ಲ ಎನ್ನುವುದು ತಮಗೆ ಕಂಡುಬಂದಿಲ್ಲ ಎಂದೂ ಸೇರಿಸಿದರು. ಕನ್ನಡದಲ್ಲಿ ‘ತಂಡ’ ಎಂದ ಕೂಡಲೇ ಕಣ್ಣಿಗೆ ಬರುವುದು ಆಟಗಾರರು. ‘ತಂಡ ಬೇಕೆಂದೇ ಸೋತಿತು’ ಎಂದು ಬರೆದರೆ ತಪ್ಪನ್ನು ಬೆವರು ಹರಿಸಿದವರ ತಲೆಗೇ ಕಟ್ಟಿದಂತಾಗುತ್ತದೆ.

ಹುಡುಗರ ತಂಡಗಳಲ್ಲಿ ಎರಡನ್ನು ಎದುರುಬದುರು ಇಟ್ಟು ನೋಡಬಹುದು. ಫಿಲಡೆಲ್ಫಿಯ ಸೆವೆಂಟಿಸಿಕ್ಸರ್ಸ್ 2013–14ರಲ್ಲಿ 19 ಪಂದ್ಯ ಗೆದ್ದಿತು, ಮರುವರ್ಷ 18, ಅದರ ಮರುವರ್ಷ 82ರಲ್ಲಿ ಬರೀ 10. ಜನರಲ್ ಮ್ಯಾನೇಜರ್ ಸ್ಯಾಮ್ ಹಿಂಕಿ ಗೆಲ್ಲಿಸಬಲ್ಲವರನ್ನು ಕೊಟ್ಟು ಸರದಿಗಳನ್ನು ಕೂಡಿಹಾಕಿದರು. 2014ರಲ್ಲಿ ಪಾದದ ಮೂಳೆ ಮುರಿದಿದ್ದ ಜೋಯೆಲ್ ಎಂಬೀಡ್ ಅವರನ್ನೇ ಮೂರನೇ ಸರದಿಯಲ್ಲಿ ಆರಿಸಿಕೊಂಡರು, ಎಂಬೀಡ್ ಎರಡು ಹಂಗಾಮು ಆಡಲಿಲ್ಲ. ಇವತ್ತಿನ ಸೋಲು ಲೆಕ್ಕಕ್ಕೇ ಇರಲಿಲ್ಲ. ಅಭಿಮಾನಿಗಳು ಇದನ್ನು ‘ಪ್ರಾಸೆಸ್’ ಎಂದು ಕರೆದು ನಂಬಿಕೊಂಡರು. ಇಲ್ಲಿ ‘ಟ್ಯಾಂಕ್’ ಪದ ಬಿಗಿಯಾಗಿ ಕೂರುತ್ತದೆ.

ಡಿಟ್ರಾಯ್ಟ್ ಪಿಸ್ಟನ್ಸ್ ಕಥೆ ಬೇರೆ. 2023–24ರಲ್ಲಿ ಮೊದಲ ಮೂರರಲ್ಲಿ ಎರಡು ಗೆದ್ದು, ಆಮೇಲೆ ಒಂದೇ ಸಮನೆ 28 ಸೋತರು. ಹಂಗಾಮು ಮುಗಿದಾಗ 14 ಗೆಲುವು, 68 ಸೋಲು. ಅಂಕಿ ಮಾತ್ರ ನೋಡಿದರೆ ಫಿಲಡೆಲ್ಫಿಯದ ತಮ್ಮನಂತೆ ಕಾಣುತ್ತದೆ. ಆದರೆ ಅದೇ ವರ್ಷ ಕೋಚ್ ಮಾಂಟಿ ವಿಲಿಯಮ್ಸ್ ಅವರನ್ನು ಆರು ವರ್ಷಕ್ಕೆ 7.85 ಕೋಟಿ ಡಾಲರ್ ಕೊಟ್ಟು ಕರೆತಂದಿದ್ದರು, ಸೋಲು ಬಯಸುವವರು ಹಾಗೆ ಹಣ ಸುರಿಯುವುದಿಲ್ಲ. 27ನೇ ಸೋಲಿನ ರಾತ್ರಿ 22 ವರ್ಷದ ಕೇಡ್ ಕನ್ನಿಂಗ್‌ಹ್ಯಾಮ್ 41 ಅಂಕ ಗಳಿಸಿದರು, ಅದರಲ್ಲಿ 37 ದ್ವಿತೀಯಾರ್ಧದಲ್ಲಿ. ಮುಖ್ಯ ಆಟಗಾರನನ್ನು ಮುಚ್ಚಿಟ್ಟ ಲಕ್ಷಣ ಇದಲ್ಲ. ಸೋಲಿನ ಕಾರಣಗಳೂ ಆಟದೊಳಗೇ ಇದ್ದವು. ದೂರದಿಂದ ಮೂರಂಕ ಹಾಕಬಲ್ಲವರು ಕಡಿಮೆ, ಹಾಗಾಗಿ ಎದುರಾಳಿಗಳು ಬುಟ್ಟಿಯ ಕೆಳಗೆ ಗುಂಪುಗೂಡಿ ಒಳದಾರಿ ಮುಚ್ಚುತ್ತಿದ್ದರು. ಆ ಇಕ್ಕಟ್ಟಿನಲ್ಲಿ ಹುಡುಗರು ಚೆಂಡು ಕಳೆದುಕೊಳ್ಳುತ್ತಿದ್ದರು. ಲಾಟರಿಯಲ್ಲಿ ಸಿಕ್ಕಿದ್ದೂ ಐದನೇ ಸರದಿ, ಹಿಂದಿನ ಎರಡು ವರ್ಷವೂ ಐದನೆಯದೇ. ಮರುವರ್ಷ ಕೋಚ್ ಬದಲಾಗಿ, ಗುರಿಕಾರರಾದ ಕೆಲವು ಅನುಭವಿಗಳು ಸೇರಿದ್ದೇ ತಡ, ಹೆಚ್ಚುಕಡಿಮೆ ಅದೇ ಹುಡುಗರು 44 ಪಂದ್ಯ ಗೆದ್ದರು.

ಎರಡಕ್ಕೂ ಒಂದೇ ಮಾತು ಸಲ್ಲದು. ಕನ್ನಡದ ಹೊಲದಲ್ಲೇ ಜೋಡಿ ಮಾತು ಸಿಗುತ್ತದೆ: ಫಿಲಡೆಲ್ಫಿಯ ಹಂಗಾಮನ್ನು ಬೀಳು ಬಿಟ್ಟಿತು, ಡಿಟ್ರಾಯ್ಟ್‌ಗೆ ಬೆಳೆ ಕೈಕೊಟ್ಟಿತು. ‘ಬೀಳು ಬಿಡು’ ಎಂಬಲ್ಲಿ ಬಿಡುವವನು ಹೊಲದೊಡೆಯ, ನೇಗಿಲಲ್ಲ. ಮುಂದಿನ ಫಸಲಿನ ಆಸೆಯೂ ಅದರಲ್ಲಿ ಅಡಗಿದೆ.

ಎರಡನೇ ಉತ್ತರ

ಮೂಲದ ಬಗ್ಗೆ ಒಂದಿಷ್ಟು. ಈ ಟ್ಯಾಂಕಿಗೂ ಯುದ್ಧದ ಟ್ಯಾಂಕಿಗೂ ನೇರ ನಂಟಿಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಗುಟ್ಟು ಕಾಯಲು ತಮ್ಮ ಹೊಸ ವಾಹನವನ್ನು ನೀರಿನ ತೊಟ್ಟಿ ಎಂದು ಕರೆದರು, ಹೆಸರು ಅಂಟಿಕೊಂಡಿತು, ಅಷ್ಟೆ. ಸೋಲಿನ ಟ್ಯಾಂಕು ಈಜುಕೊಳ. ಅಮೆರಿಕದ ಬಾಕ್ಸಿಂಗ್‌ನಲ್ಲಿ ಹಣ ಪಡೆದು ಬೇಕೆಂದೇ ನೆಲಕ್ಕುರುಳುವುದನ್ನು ‘ಡೈವ್’ ಎಂದರು. ಡೈವ್ ಹೊಡೆದವನು ಬೀಳುವುದು ನೀರಿಗೆ ತಾನೆ, ಹಾಗಾಗಿ ‘ಟ್ಯಾಂಕಿಗೆ ಹೋದ’ ಎಂದರು. ಮುಂದೆ 1970ರ ದಶಕದ ಟೆನಿಸ್‌ನಲ್ಲಿ ಅದೇ ಕ್ರಿಯಾಪದವಾಯಿತು, ಬ್ಯಾಸ್ಕೆಟ್‌ಬಾಲ್‌ಗೂ ದಾಟಿತು.

ಸೋಜಿಗವೆಂದರೆ ಇಂಗ್ಲಿಷಿನ ಟ್ಯಾಂಕೇ ನಮ್ಮ ಪಡುವಣ ಕರಾವಳಿಯಿಂದ ಹೋದದ್ದು. ಗುಜರಾತಿ, ಮರಾಠಿಗಳಲ್ಲಿ ನೀರಿನ ಹೊಂಡಕ್ಕಿರುವ ಟಾಂಕು, ಟಾಕೆ ಎಂಬ ಮಾತು ಪೋರ್ಚುಗೀಸರ ‘ಟಾಂಕೆ’ಯೊಡನೆ ಬೆರೆತು ಇಂಗ್ಲಿಷಿಗೆ ಸೇರಿತು. ಬೆಂಗಳೂರಿನ ಸ್ಯಾಂಕಿ ಟ್ಯಾಂಕ್‌ನಲ್ಲಿ, ಕೆರೆ ಏರಿಯನ್ನು ಟ್ಯಾಂಕ್ ಬಂಡ್ ಎನ್ನುವುದರಲ್ಲಿ ಅದು ಹಳೆಯ ಅರ್ಥದಲ್ಲೇ ಉಳಿದಿದೆ. ಗೊತ್ತಿದ್ದೂ ನೀರಿಗೆ ಬೀಳುವ ಚಿತ್ರಕ್ಕೆ ನಮ್ಮಲ್ಲೂ ಗಾದೆಯಿದೆ: ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗೆ. ಆದರೆ ಗಾದೆಯವನು ಪೆದ್ದ, ಟ್ಯಾಂಕಿನವನು ಲೆಕ್ಕಾಚಾರದವನು.

ಮೂರನೇ ಉತ್ತರ

‘ಬೀಳು ಬಿಡು’ ಕೇಳಲು ಚೆಂದ, ಒಪ್ಪುವುದು ಕಷ್ಟ. ಕರಾವಳಿಯಲ್ಲಿ ಹಡಿಲು ಬಿಟ್ಟ ಗದ್ದೆ ಎಂದರೆ ಆಳು ಸಿಗದೆ, ಗಿಟ್ಟದೆ ಕೈಬಿಟ್ಟದ್ದು. ಉತ್ತರ ಕರ್ನಾಟಕದಲ್ಲಿ ಪಡ ಬಿದ್ದ ಹೊಲವೂ ಅಂಥದೇ. ಎರಡರಲ್ಲೂ ಮುಂದಿನ ಲಾಭದ ಲೆಕ್ಕವಿಲ್ಲ, ಅಸಹಾಯಕತೆ ಇದೆ. ಮೇಲಾಗಿ ಬೀಳು ಬಿಟ್ಟ ಹೊಲದಲ್ಲಿ ಯಾರೂ ಉಳುವುದಿಲ್ಲ. ಫಿಲಡೆಲ್ಫಿಯದವರು 82 ಪಂದ್ಯವನ್ನೂ ಆಡಿದರು, ಟಿಕೆಟ್ಟನ್ನೂ ಮಾರಿದರು. ದುಡ್ಡು ಕೊಟ್ಟು ಬಂದ ಪ್ರೇಕ್ಷಕನಿಗೆ ಆದ ಮೋಸ ಆ ಮಾತಿನಲ್ಲಿ ಮಾಯವಾಗುತ್ತದೆ.

ನನ್ನ ಪ್ರಕಾರ ಕನ್ನಡದ ಸಹಾಯಕ ಕ್ರಿಯಾಪದಗಳೇ ಸಾಕು. ಬರೆದುಕೊಟ್ಟ, ಬರೆದುಕೊಂಡ ಎಂಬಲ್ಲಿ ಫಲ ಯಾರಿಗೆ ಎಂಬುದನ್ನು ಕೊಡು, ಕೊಳ್ಳು ಹೇಳುತ್ತವೆ. ಮೊಮ್ಮಗುವಿನೊಡನೆ ಚೌಕಾಬಾರ ಆಡುವ ಅಜ್ಜಿ ಸೋತುಕೊಡುತ್ತಾರೆ. ಬುಕ್ಕಿಯ ಹಣ ತಿಂದವನು ಮಾಡುವುದೂ ಸೋತುಕೊಡುವುದೇ, ಫಲ ಬೇರೆಯವರ ಪಾಲಿಗೆ. ತನ್ನ ಲಾಭಕ್ಕೆ ತಾನೇ ಸೋತರೆ ‘ಸೋತುಕೊಳ್ಳು’. ಟ್ಯಾಂಕಿಂಗ್ ಮತ್ತು ಮ್ಯಾಚ್ ಫಿಕ್ಸಿಂಗ್ ನಡುವಿನ ಗೆರೆ ಇಷ್ಟು ಸಲೀಸಾಗಿ ಬೀಳುವುದು ಇಂಗ್ಲಿಷಿನಲ್ಲೂ ಇಲ್ಲ.

ಇನ್ನು ‘ಬೇಕೆಂದೇ ಸೋತರು’ ಎಂಬ ವಾಕ್ಯವನ್ನು ಪೂರ್ತಿ ಬದಿಗಿಡಬೇಕಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಡಬಲ್ಸ್ ಬ್ಯಾಡ್ಮಿಂಟನ್‌ನ ನಾಲ್ಕು ಜೋಡಿಗಳು, ಚೀನಾದ ಒಂದು, ದಕ್ಷಿಣ ಕೊರಿಯಾದ ಎರಡು, ಇಂಡೊನೇಷ್ಯಾದ ಒಂದು, ಮುಂದಿನ ಸುತ್ತಿನಲ್ಲಿ ಅನುಕೂಲದ ಎದುರಾಳಿ ಸಿಗಲೆಂದು ಸರ್ವ್ ಅನ್ನು ಬಲೆಗೇ ಹೊಡೆದು, ಷಟಲ್ ಹೊರಗೆ ಹಾಕಿ ಸೋಲಲು ಪೈಪೋಟಿ ನಡೆಸಿದವು. ಎಂಟೂ ಜನರನ್ನು ಹೊರಹಾಕಿದರು. ಅಲ್ಲಿ ರಾಕೆಟ್ ಹಿಡಿದ ಕೈಯೇ ಬಯಸಿ ಸೋತದ್ದು, ವಾಕ್ಯ ಅಕ್ಷರಶಃ ಸಲ್ಲುತ್ತದೆ.

ಮೊದಲ ಉತ್ತರಿಸಿದವರಿಂದ ಮತ್ತೆ

ಪ್ರೇಕ್ಷಕನ ವಿಷಯ ಒಪ್ಪಿದೆ. ಆದರೆ ‘ಸೋತುಕೊಂಡರು’ ಎಂಬುದಕ್ಕೆ ಇನ್ನೊಂದು ತೊಡಕಿದೆ. ಕೈ ಸುಟ್ಟುಕೊಂಡ, ಕಾಲು ಮುರಿದುಕೊಂಡ ಎನ್ನುತ್ತೇವಲ್ಲ, ಅಲ್ಲಿನ ಕೊಳ್ಳುಗೆ ಬಯಕೆಯೂ ಇಲ್ಲ, ಲಾಭವೂ ಇಲ್ಲ. ಡಿಟ್ರಾಯ್ಟ್ ಬಗ್ಗೆ ‘ಸೋತುಕೊಂಡರು’ ಎಂದರೆ ‘ಅಯ್ಯೋ, ಕೈಯಾರೆ ಕಳೆದುಕೊಂಡರು’ ಎಂದೇ ಓದುಗ ತಿಳಿದಾನು. ಅದಕ್ಕೆ ಕರ್ತೃವನ್ನು ಬದಲಿಸಿ ನೋಡಿ: ‘ಆಡಳಿತವೇ ತಂಡವನ್ನು ಸೋಲಿಸುತ್ತಿದೆ’. ಸೋಲುವವರು ಬೇರೆ, ಸೋಲಿಸುವವರು ಬೇರೆ ಎಂಬುದು ಒಂದು ಪ್ರತ್ಯಯದಲ್ಲಿ ಮುಗಿಯಿತು. ಸಾಕ್ಷ್ಯವಿಲ್ಲದೆ ಬರೀ ಗುಮಾನಿಯಿದ್ದರೆ ‘ಸೋಲಿಸುತ್ತಿದೆಯೇ ಎಂಬ ಅನುಮಾನ’ ಎಂದು ನಿಲ್ಲಿಸಿ. ಹುಡುಗರು ಆಡಲಾಗದೆ ಸೋಲುತ್ತಿದ್ದರೆ ಈ ಪದದ ಹತ್ತಿರವೂ ಹೋಗಬೇಡಿ, ‘ಸೋಲಿನ ಸರಣಿ’ ಸಾಕು. ತಲೆಬರಹದಲ್ಲಿ ಜಾಗ ಸಾಲದೆ ‘ಟ್ಯಾಂಕಿಂಗ್’ ಎಂದೇ ಹಾಕುವುದಾದರೆ ಹಾಕಿ, ಆದರೆ ಡ್ರಾಫ್ಟ್ ಸರದಿಯ ಆಸೆಯನ್ನು ಮೊದಲ ಪ್ಯಾರಾದಲ್ಲೇ ಒಂದು ವಾಕ್ಯದಲ್ಲಿ ಹೇಳಿಬಿಡಿ. ಇಲ್ಲದಿದ್ದರೆ ಓದುಗರು ಅದನ್ನು ಮಕಾಡೆ ಮಲಗಿದ್ದು ಎಂದೋ, ಬೆಟ್ಟಿಂಗ್ ಎಂದೋ ತಿಳಿಯುತ್ತಾರೆ.