ತೊಂದರೆ ಹೃದಯದ್ದು, ಬರೆದುಕೊಟ್ಟಿದ್ದು ಕ್ಯಾನ್ಸರ್ ಔಷಧಿ: ಇದು ಸರೀನಾ?

ಪ್ರಶ್ನೆ: ನಮಸ್ತೆ ಮೇಡಂ. ಅಪ್ಪನಿಗೆ 63 ವರ್ಷ. ಆರು ತಿಂಗಳಿಂದ ನಾಲ್ಕು ಹೆಜ್ಜೆ ನಡೆದರೂ ಏದುಸಿರು, ಕಾಲು ಊತ. ಎಕೋದಲ್ಲಿ ಹೃದಯದ ಗೋಡೆ ದಪ್ಪ ಆಗಿದೆ ಅಂತ ಬಂತು. ಮೊದಲು ಬಿಪಿಯಿಂದ ಅಂದರು. ಈಗ ಎಎಲ್ ಅಮೈಲಾಯ್ಡೋಸಿಸ್ ಅಂತ ಹೇಳಿ ಡಾರಾಟುಮುಮಾಬ್, ಬೋರ್ಟೆಜೋಮಿಬ್ ಶುರು ಮಾಡೋಣ ಅನ್ನುತ್ತಿದ್ದಾರೆ. ಹುಡುಕಿ ನೋಡಿದರೆ ಎರಡೂ ಕ್ಯಾನ್ಸರ್ ಔಷಧಿ! ನಮ್ಮಿಂದ ಏನಾದರೂ ಮುಚ್ಚಿಡುತ್ತಿದ್ದಾರಾ?

ಡಾಕ್ಟರ್: ಹಾಗೇನೂ ಕಾಣುತ್ತಿಲ್ಲ. ಈ ಕಾಯಿಲೆ ಕಾಡುವುದು ಹೃದಯವನ್ನು, ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಅಲ್ಲಿನ ಪ್ಲಾಸ್ಮಾ ಕೋಶಗಳ ಕೆಲಸ ಆಂಟಿಬಾಡಿ ತಯಾರಿಸುವುದು. ಅವುಗಳಲ್ಲಿ ಒಂದು ಗುಂಪು ಕೆಟ್ಟು, ಲೈಟ್ ಚೈನ್ ಎಂಬ ತುಂಡನ್ನು ರಕ್ತಕ್ಕೆ ಸುರಿಯುತ್ತಲೇ ಇರುತ್ತದೆ. ಆ ತುಂಡುಗಳು ನಾರಿನ ಹಾಗೆ ಹೆಣೆದುಕೊಂಡು (ಈ ನಾರೇ ಅಮೈಲಾಯ್ಡ್) ಹೃದಯ, ಕಿಡ್ನಿ, ನರಗಳಲ್ಲಿ ಸೇರಿಕೊಳ್ಳುತ್ತವೆ. ಹೃದಯ ಗಡುಸಾಗಿ, ಸರಿಯಾಗಿ ರಕ್ತ ತುಂಬಿಕೊಳ್ಳುವುದಿಲ್ಲ. ಮಲ್ಟಿಪಲ್ ಮೈಲೋಮಾ ಎಂಬ ಕ್ಯಾನ್ಸರ್ ಬರುವುದೂ ಇದೇ ಕೋಶಗಳಿಂದ. ಅದಕ್ಕೇ ಔಷಧಿಯೂ ಅದೇ. ಕೆಲವರಿಗೆ ಎರಡೂ ಇರುತ್ತವೆ. ಮಜ್ಜೆ ಪರೀಕ್ಷೆಯ ವರದಿ ನೋಡಿ ನಿಮ್ಮ ಡಾಕ್ಟರ್ ಹೇಳುತ್ತಾರೆ, ನೇರವಾಗಿ ಕೇಳಿ.

ಪ್ರಶ್ನೆ: ಹಾಗಾದರೆ ಬಿಪಿ ಅಂದಿದ್ದು ತಪ್ಪಲ್ವಾ?

ಡಾಕ್ಟರ್: ಎಕೋ ಒಂದನ್ನೇ ನೋಡಿದರೆ ಯಾರಾದರೂ ಏಮಾರಬಹುದು. ಪಕ್ಕದಲ್ಲಿ ಇಸಿಜಿ ಇಟ್ಟುಕೊಳ್ಳಬೇಕು. ಬಿಪಿಯಲ್ಲಿ ದಪ್ಪವಾಗುವುದು ಸ್ನಾಯು, ಆಗ ಇಸಿಜಿ ಗೆರೆಗಳು ಎತ್ತರಕ್ಕೆ ಏಳುತ್ತವೆ. ಇಲ್ಲಿ ಸೇರಿಕೊಂಡಿರುವುದು ಕಸ. ಅದರಿಂದ ಕರೆಂಟ್ ಹುಟ್ಟುವುದಿಲ್ಲ. ಗೋಡೆ ದಪ್ಪ, ಗೆರೆ ಮಾತ್ರ ಕುಳ್ಳ ಅಂದರೆ ಅನುಮಾನ ಪಡಲೇಬೇಕು (ಎಲ್ಲರಲ್ಲೂ ಹೀಗೆ ಇರುವುದಿಲ್ಲ, ಅದೇ ಕಷ್ಟ). ನಾಲಿಗೆ ದಪ್ಪವಾಗುವುದು, ಕಣ್ಣಿನ ಸುತ್ತ ನೇರಳೆ ಕಲೆ, ಮೂತ್ರದಲ್ಲಿ ನೊರೆ ಕೂಡ ಸುಳಿವು. ಇನ್ನೊಂದು: ವರ್ಷಗಟ್ಟಲೆ ಬಿಪಿ ಇದ್ದವರು 'ಈಗ ಮಾತ್ರೆಯೇ ಬೇಡ, ವಾಸಿಯಾಯಿತು' ಅಂತ ಖುಷಿಯಾಗಿ ಹೇಳಿದರೆ ನನಗೆ ಖುಷಿಯಾಗುವುದಿಲ್ಲ, ಅದೂ ಈ ಕಾಯಿಲೆಯ ಸುಳಿವಿರಬಹುದು.

ಮತ್ತೊಬ್ಬರು: ನಮ್ಮ ಮಾವನಿಗೂ ಹೃದಯದ ಅಮೈಲಾಯ್ಡ್ ಅಂದಿದ್ದಾರೆ, 78 ವರ್ಷ. ಅವರಿಗೆ ಬರೀ ಕ್ಯಾಪ್ಸೂಲ್ ಕೊಟ್ಟಿದ್ದಾರಲ್ಲ?

ಡಾಕ್ಟರ್: ಅವರದು ಟ್ರಾನ್ಸ್‌ಥೈರೆಟಿನ್ ಬಗೆ ಇರಬೇಕು. ಅದು ಲಿವರ್‌ನಲ್ಲಿ ತಯಾರಾಗುವ ಪ್ರೋಟೀನ್. ನಾಲ್ಕು ಭಾಗ ಸೇರಿ ಒಂದಾಗಿರುತ್ತದೆ, ಬಿಚ್ಚಿಕೊಂಡರೆ ತೊಂದರೆ. ಬಿಚ್ಚಿಕೊಳ್ಳದ ಹಾಗೆ ಹಿಡಿದಿಡುವ ಟಫಾಮಿಡಿಸ್‌ಗೆ ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವು ವರ್ಷಗಳ ಹಿಂದೆ ಅವರ ಎರಡೂ ಕೈಗೆ ಕಾರ್ಪಲ್ ಟನಲ್ ತೊಂದರೆ (ಮಣಿಕಟ್ಟಿನಲ್ಲಿ ನರ ಒತ್ತಿಕೊಂಡು ಕೈ ಜೋಮು ಹಿಡಿಯುವುದು) ಇತ್ತಾ, ಸುಮ್ನೆ ಕೇಳಿ ನೋಡಿ. ಅದು ಈ ಬಗೆಯ ಸುಳಿವು.

ಈ ಬಗೆ ಪತ್ತೆಗೆ ಪೈರೋಫಾಸ್ಫೇಟ್ ಸ್ಕ್ಯಾನ್ ಇದೆ. ಆದರೆ ಎಎಲ್‌ನಲ್ಲೂ ಅದು ಒಮ್ಮೊಮ್ಮೆ ಪಾಸಿಟಿವ್ ಬರುತ್ತದೆ. ಲೈಟ್ ಚೈನ್‌ಗಾಗಿ ರಕ್ತ, ಮೂತ್ರ ಪರೀಕ್ಷೆ ಮಾಡದೆ ಸ್ಕ್ಯಾನ್ ಒಂದನ್ನೇ ನಂಬಿದರೆ ಎಎಲ್ ರೋಗಿಯ ಕೈಗೆ ತಪ್ಪು ಔಷಧಿ ಹೋಗುತ್ತದೆ. ನಾನು ಅತಿ ಹೆಚ್ಚು ಹೆದರುವ ತಪ್ಪು ಇದು.

ಮಗದೊಬ್ಬರು: ಎಎಲ್‌ಗೇ ಅಂತ ಔಷಧಿ ಯಾಕೆ ಕಂಡುಹಿಡಿಯುವುದಿಲ್ಲ?

ಡಾಕ್ಟರ್: ಪ್ರಯೋಗಕ್ಕೆ ಬೇಕಾದಷ್ಟು ರೋಗಿಗಳು ಸಿಗುವುದೇ ಕಷ್ಟ. ಮೈಲೋಮಾದ ಬೆನ್ನು ಹಿಡಿದದ್ದರಿಂದ ಲಾಭವೇ ಆಯಿತು. ಡಾರಾಟುಮುಮಾಬ್ ಅಮೆರಿಕದಲ್ಲಿ 2015ರಲ್ಲಿ ಮೈಲೋಮಾಗೆ ಬಂತು, 2021ರಲ್ಲಿ ಎಎಲ್‌ಗೆ. 388 ಜನರ ಪ್ರಯೋಗದಲ್ಲಿ ಹಳೆಯ ಮೂರು ಔಷಧಿಗಳ ಜೊತೆ ಇದನ್ನೂ ಕೊಟ್ಟಾಗ 53% ಜನರ ರಕ್ತದಲ್ಲಿನ ಲೈಟ್ ಚೈನ್ ಪೂರ್ತಿ ಹತೋಟಿಗೆ ಬಂತು. ಇದಿಲ್ಲದೆ 18%. ಆದರೆ ಇದು ನಲ್ಲಿ ನಿಲ್ಲಿಸುತ್ತದೆ, ಆಗಲೇ ನಿಂತ ನೀರು ಬಳಿಯುವುದಿಲ್ಲ. ಹೃದಯದೊಳಗಿನ ಕಸ ತೆಗೆಯಲು ಬಿರ್ಟಮಿಮಾಬ್ ಅಂತ ಒಂದನ್ನು ಪ್ರಯತ್ನಿಸಿದರು, ದೊಡ್ಡ ಪ್ರಯೋಗದಲ್ಲಿ ಅದು ಗೆಲ್ಲಲಿಲ್ಲ.

ಪ್ರಶ್ನೆ: ಇನ್ನೊಂದು ಕಡೆ ತೋರಿಸಿ ಆಮೇಲೆ ಶುರು ಮಾಡೋಣ ಅಂದುಕೊಂಡಿದ್ದೆವು...

ಡಾಕ್ಟರ್: ತೋರಿಸಿ, ಆದರೆ ಈ ವಾರದಲ್ಲೇ. ಎಎಲ್‌ನಲ್ಲಿ ತಿಂಗಳುಗಟ್ಟಲೆ ಕಾಯುವ ಹಾಗಿಲ್ಲ. ಹೋಗುವಾಗ ಅಪ್ಪ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ. ಬಿಪಿಗೆ ಕೊಡುವ ವೆರಾಪಮಿಲ್ ಅಥವಾ ಡಿಲ್ಟಿಯಾಜೆಮ್ ಇದ್ದರೆ ಅದನ್ನೇ ಮೊದಲು ಹೇಳಿ, ಈ ಹೃದಯಕ್ಕೆ ಅವು ಒಗ್ಗುವುದಿಲ್ಲ. ಆದರೆ ನೀವಾಗಿಯೇ ಅವನ್ನು ನಿಲ್ಲಿಸಬೇಡಿ.