ಗುಡುಗು ಬಂದರೆ ನಾಯಿ ಹುಚ್ಚೆದ್ದ ಹಾಗೆ ಆಡ್ತದೆ, ಎಲ್ಲ ಮಾಡಿ ಆಯ್ತು

ತೋಟದಮನೆ (ಕೊಪ್ಪ)
ಭರಣಿ ಮಳೆ ಹಿಡಿದಾಗಿಂದ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ನಮ್ಮ ಕಾಳನಿಗೆ ಗುಡುಗು ಅಂದ್ರೆ ಜೀವ ಹೋಗ್ತದೆ. ಮೋಡ ಕಟ್ಟಿದ ಕೂಡ್ಲೇ ಏದುಸಿರು, ಜೊಲ್ಲು, ನಡುಕ. ನಿನ್ನೆ ರಾತ್ರಿ ಬಾಗಿಲು ಕೆರೆದೂ ಕೆರೆದೂ ಮುಂಗಾಲಿನ ಉಗುರು ಬುಡದಿಂದ ಎದ್ದಿದೆ, ಬೆಳಿಗ್ಗೆ ನೋಡಿದ್ರೆ ಮೆಟ್ಟಿಲ ಮೇಲೆಲ್ಲ ರಕ್ತ. ಮೈಗೆ ಬಿಗಿಯಾಗಿ ಸುತ್ತುವ ಅಂಗಿ ಆನ್‌ಲೈನಲ್ಲಿ ತರಿಸಿದ್ವಿ, ಹರಿದು ಹಾಕಿತು. ಯೂಟ್ಯೂಬಲ್ಲಿ ಗುಡುಗಿನ ಶಬ್ದ ಹಾಕಿ ಅಭ್ಯಾಸ ಮಾಡಿಸಿ ಅಂದ್ರು. ಫುಲ್ ವಾಲ್ಯೂಮಲ್ಲಿ ಹಾಕಿದೆ, ತೋಟದೊಳಗೆ ಓಡಿದ್ದು ಕತ್ತಲಾಗುವ ತನಕ ಬರ್ಲಿಲ್ಲ. ಮೆಡಿಕಲ್ ಶಾಪಿನವ ನಿದ್ದೆ ಮಾತ್ರೆ ಕೊಡ್ತೇನೆ ಅಂದ, ಹೆದರಿ ತಗೊಳ್ಳಲಿಲ್ಲ. ಇನ್ನೇನು ಉಳಿದಿದೆ ಹೇಳಿ. "ತಾಳ್ಮೆ ಇರಲಿ, ಪ್ರೀತಿ ಕೊಡಿ" ಅಂತ ಮಾತ್ರ ಬರೀಬೇಡಿ, ಕೇಳಿ ಸಾಕಾಗಿದೆ.

ಮೂರ್‌ಪಿನ್
ಇದು ಸ್ಟ್ಯಾಟಿಕ್ ಸಾರ್, ನೂರಕ್ಕೆ ನೂರು. ಮೋಡದಲ್ಲಿ ಚಾರ್ಜ್ ಕೂಡಿದಾಗ ನಾಯಿಯ ರೋಮದಲ್ಲೂ ಕೂಡುತ್ತೆ, ಮೂತಿ ಎಲ್ಲಿ ತಾಗಿದ್ರೂ ಚುರ್ ಅನ್ನುತ್ತೆ. ಎಷ್ಟೋ ನಾಯಿಗಳು ಮಳೆ ಬಂದಾಗ ಬಚ್ಚಲಿಗೆ ಹೋಗಿ ನಲ್ಲಿ ಪೈಪಿನ ಪಕ್ಕ ಮಲಗೋದು ಯಾಕೆ? ಅವಕ್ಕೆ ಅರ್ಥಿಂಗ್ ಬೇಕು. ಅಮೆರಿಕದ ಪಶುವೈದ್ಯ ನಿಕೋಲಸ್ ಡಾಡ್‌ಮನ್ ಕೂಡ ಇದನ್ನೇ ಹೇಳಿದ್ದಾರೆ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ನೋಡಿ. ಕಾಳಂದು ಉದ್ದ ಕೂದಲಾ?

ಘಟಪ್ರಭಾ
ನಮ್ಮ ಮುಧೋಳ ನಾಯಿಗೆ ಇದೆಲ್ಲ ಗೊತ್ತ ಇಲ್ರಿ. ಗುಡುಗಿದ್ರ ಕಿವಿ ಸೈತ ಎತ್ತಂಗಿಲ್ಲ. 2016ರಾಗ ಸೈನ್ಯದವರು ಮೀರತ್‌ಗೆ ತರಬೇತಿಗೆ ಒಯ್ದ ತಳಿ ಅದು. ನಿಮ್ದು ಯಾವ ತಳಿ? ಲ್ಯಾಬ್ ಗೀಬ್ ಇರಬೇಕು.

ಮುದ್ದೆರಾಕಿ
ಮೊದ್ಲು ಒಂದು ತಿಳ್ಕೊಳ್ಳಿ, ಹೆದರಿದಾಗ ತಬ್ಕೊಂಡು ಮುದ್ದು ಮಾಡಿದ್ರೆ ಭಯಕ್ಕೆ ಬಹುಮಾನ ಕೊಟ್ಟಂಗೆ. ನೋಡ್ದಂಗೆ ಇದ್ಬಿಡಿ, ತಾನೇ ಸರಿ ಹೋಗುತ್ತೆ. ನಮ್ಮ ರಾಕಿಗೆ ಹಂಗೇ ಮಾಡಿದ್ದು.

ಬಿಸಿಲೆಘಾಟಿ
ಹಳೇ ಕಾಲದ ಮಾತು. ಕೂರು ಅಂದಾಗ ಕೂರೋದು ವರ್ತನೆ, ಅದಕ್ಕೆ ಬಿಸ್ಕತ್ ಕೊಟ್ಟರೆ ಹೆಚ್ಚಾಗ್ತದೆ. ಭಯ ಹಾಗಲ್ಲ. ಹೆದರಿದ ಮಗುವಿಗೆ ಅನ್ನ ತಿನ್ನಿಸಿದ್ರೆ ಮಗು ಇನ್ನೂ ಹೆದರುವುದು ಕಲೀತದಾ? ನಾಯಿ ತಾನಾಗಿ ಬಂದು ಒರಗಿದ್ರೆ ಒರಗಲಿ. ಎಳೆದು ಹಿಡ್ಕೊಳ್ಳೋದು ಬೇಡ, ಅಷ್ಟೇ.

ಮುದ್ದೆರಾಕಿ
ನಮ್ ರಾಕಿ ಸರಿ ಹೋಗಿದೆ ಗುರು. ಥಿಯರಿ ನೀವೇ ಇಟ್ಕೊಳ್ಳಿ.

ತೋಟದಮನೆ (ಕೊಪ್ಪ)
ನಾಟಿ ನಾಯಿ, ಗಿಡ್ಡ ಕೂದಲು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಏನೂ ವ್ಯತ್ಯಾಸ ಇಲ್ಲ. ಅಲ್ಲದೆ ಅವನು ಮಲಗುವ ಶೀಟಿನ ಕೆಳಗೇ ಎರಚಲು ಹೊಡೆದು ಮೈ ಹೇಗೂ ಒದ್ದೆ ಆಗಿರ್ತದೆ.

ಕಡಬದವ
ಯಾವ ಶೀಟು ಮಾರಾಯ್ರೆ?

ತೋಟದಮನೆ (ಕೊಪ್ಪ)
ತಗಡಿನ ಶೀಟು. ಎಲ್ಲರ ಮನೆ ಹಾಗೆ ಕೊಟ್ಟಿಗೆ ಪಕ್ಕ ಇಳಿಜಾರು ಮಾಡಿದ್ದೇವಲ್ಲ, ಅಲ್ಲಿ. ಹಗಲು ಅಲ್ಲೇ ಕಂಬಕ್ಕೆ ಚೈನು, ರಾತ್ರಿ ಬಿಡೋದು. ಅಮ್ಮನಿಗೆ ನಾಯಿ ಒಳಗೆ ಬರೋದು ಆಗೋದಿಲ್ಲ.

ಕಡಬದವ
ಇದನ್ನು ಮೊದಲೇ ಹೇಳುವುದಲ್ಲವಾ! ತಗಡಿನ ಕೆಳಗೆ ಆಲಿಕಲ್ಲು ಬಿದ್ದಾಗ ನೀವೇ ಒಮ್ಮೆ ಕೂತು ನೋಡಿ. ಮನುಷ್ಯರಿಗೇ ಎದೆ ಢವಗುಟ್ಟುತ್ತದೆ. ಗುಡುಗು ನಿಮಿಷಕ್ಕೊಮ್ಮೆ ಬಂದರೆ ತಗಡು ಗಂಟೆಗಟ್ಟಲೆ ಬಡೀತಾ ಇರ್ತದೆ.

ಮೂರ್‌ಪಿನ್
ತಗಡು, ಕಬ್ಬಿಣದ ಕಂಬ, ಚೈನು! ನಾನು ಹೇಳಿದ್ದೇ ಆಯ್ತಲ್ಲ. ಇಡೀ ಶೀಟೇ ಚಾರ್ಜ್ ಆಗುತ್ತೆ. ಅರ್ಥಿಂಗ್ ಕೊಟ್ಟಿದ್ದೀರಾ? ಒಂದು ಜಿಐ ರಾಡ್ ಹೊಡೆದು, ಸ್ವಲ್ಪ ಇದ್ದಿಲು ಉಪ್ಪು ಹಾಕಿ, ತಂತಿ ಎಳೀರಿ.

ಹಳೇ ಪಶುವೈದ್ಯ
ಮೂರ್‌ಪಿನ್ ಅವರೇ, ಸ್ಟ್ಯಾಟಿಕ್ ವಿಷಯ ಒಂದು ಊಹೆ, ಸಾಬೀತಾದದ್ದಲ್ಲ. ಸ್ಟ್ಯಾಟಿಕ್ ನಿಲ್ಲುವುದು ಒಣ ಹವೆಯಲ್ಲಿ. ಮಳೆ ಹಿಡಿದ ಕೊಪ್ಪದಲ್ಲಿ ಸ್ವೆಟರ್ ತೆಗೆದರೂ ಚಟಪಟ ಅನ್ನುವುದಿಲ್ಲ. ಆದರೆ ಚೈನಿನ ಮಾತಲ್ಲಿ ನಿಮ್ಮ ಪಕ್ಷ. ಸಿಡಿಲು ಹೊಡೆಯುವ ಹೊತ್ತಿಗೆ ಕಬ್ಬಿಣದ ಕಂಬಕ್ಕೆ ಕಬ್ಬಿಣದ ಚೈನಲ್ಲಿ ಪ್ರಾಣಿ ಕಟ್ಟಬಾರದು. ಹೆದರಿ ಎಳೆದಾಡಿ ಕುತ್ತಿಗೆಗೆ ಸುತ್ತಿಕೊಳ್ಳುವುದೂ ಉಂಟು.

ತೋಟದಮನೆಯವರೇ, ಮೂರು ಪ್ರಶ್ನೆ. ಕಾಳನ ವಯಸ್ಸೆಷ್ಟು? ಈ ಭಯ ಮರಿಯಿಂದಲೇ ಇತ್ತಾ? ನಡಿಗೆ, ಹತ್ತುವುದು, ಏಳುವುದು ಹೇಗಿದೆ? ಉಗುರನ್ನು ಇವತ್ತೇ ತೋರಿಸಿ, ಕೀವಾಗುತ್ತದೆ.

ಹೆಬ್ಬಾಳಸ್ಟುಡಿಯೋ
ನಾನು ನಮ್ಮ ಬೀಗಲ್‌ಗೆ ರೂಮೇ ಮಾಡಿಸಿದ್ದೀನಿ. ನಾಲ್ಕೂ ಗೋಡೆಗೆ ಪಿರಮಿಡ್ ಫೋಮ್, ಇನ್ವರ್ಟರ್ ಲೈನು, ಎರಡು ಬುಕ್‌ಶೆಲ್ಫ್ ಸ್ಪೀಕರು, ಸಬ್‌ವೂಫರು. ಮೊಬೈಲ್ ಡೆಸಿಬಲ್ ಮೀಟರಲ್ಲಿ ಒಳಗೆ ಎಷ್ಟು ಬರುತ್ತೆ ಅಂತ ಫೋಟೋ ಹಾಕ್ತೀನಿ.

ಬಿಸಿಲೆಘಾಟಿ
ಫೋಮ್ ಒಳಗಿನ ಪ್ರತಿಧ್ವನಿ ಕುಡೀತದೆ, ಹೊರಗಿನ ಶಬ್ದ ತಡೆಯೋದಿಲ್ಲ. ಅದರಲ್ಲೂ ಗುಡುಗಿನ ದಪ್ಪ ಶಬ್ದಕ್ಕೆ ಆ ಫೋಮ್ ಇದ್ದೂ ಒಂದೇ ಇಲ್ಲದೆಯೂ ಒಂದೇ. ಶಬ್ದ ತಡೆಯೋದು ತೂಕ, ಅಂದ್ರೆ ದಪ್ಪ ಗೋಡೆ. ಮತ್ತೆ ಗುಡುಗಿಗೆ ಹೆದರುವ ನಾಯಿ ರೂಮಲ್ಲಿ ಸಬ್‌ವೂಫರ್ ಯಾಕೆ?

ಹೆಬ್ಬಾಳಸ್ಟುಡಿಯೋ
ಸಂಗೀತಕ್ಕೆ. ಬಾಸ್ ಇಲ್ದೆ ಕೇಳೋಕಾಗಲ್ಲ.

ಬಿಸಿಲೆಘಾಟಿ
ನಾಯಿಗಾ, ನಿಮಗಾ?

ತೋಟದಮನೆ (ಕೊಪ್ಪ)
ವಯಸ್ಸು ಎಂಟೋ ಒಂಬತ್ತೋ. ಮರಿಯಲ್ಲಿ ಎಂಥ ಭಯವೂ ಇರ್ಲಿಲ್ಲ ಡಾಕ್ಟ್ರೇ. ಹಂದಿ ಓಡಿಸಲು ಗದ್ದೆಯಲ್ಲಿ ಪಟಾಕಿ ಹೊಡೆದ್ರೆ ಪಕ್ಕದಲ್ಲೇ ನಿಲ್ತಿದ್ದ. ಇದೆಲ್ಲ ಹೋದ ಸ್ವಾತಿ ಮಳೆಯಿಂದ ಈಚೆಗೆ. ನಡಿಗೆ ಸರಿಯೇ ಇದೆ. ಜಗಲಿಗೆ ಹಾರೋದು ಬಿಟ್ಟಿದ್ದಾನೆ, ಸುತ್ತು ಹಾಕಿ ಮೆಟ್ಟಿಲ ಮೇಲೆ ಒಂದೊಂದೇ ಕಾಲಿಟ್ಟು ಬರ್ತಾನೆ. ವಯಸ್ಸಾಯ್ತಲ್ಲ.

ಘಟಪ್ರಭಾ
ನಮ್ದು ಹತ್ತು ವರ್ಷದ್ದೈತಿ, ಇನ್ನೂ ಮೊಲ ಬೆನ್ನ ಹತ್ತತೈತಿ. ಅದಕ್ಕ ಹೇಳೋದು, ತಳಿ ಮುಖ್ಯ.

ಹಳೇ ಪಶುವೈದ್ಯ
ಅಷ್ಟೇ ಬೇಕಿತ್ತು ನನಗೆ. ಪಟಾಕಿಗೆ ಜಗ್ಗದ ನಾಯಿ ನಡುವಯಸ್ಸು ದಾಟಿದ ಮೇಲೆ ದಿಢೀರನೆ ಶಬ್ದಕ್ಕೆ ಹೆದರಿದರೆ ಮೊದಲು ಮೂಳೆ, ಕೀಲು ನೋಡಬೇಕು. 2018ರಲ್ಲಿ ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರು ಸೇರಿ ಮಾಡಿದ ಒಂದು ಸಣ್ಣ ಅಧ್ಯಯನ ಇದೆ. ಶಬ್ದದ ಭಯವಿದ್ದ 20 ನಾಯಿಗಳು, ಅರ್ಧಕ್ಕೆ ಮೈಕೈ ನೋವು, ಅರ್ಧಕ್ಕೆ ಇಲ್ಲ. ನೋವಿದ್ದವುಗಳಲ್ಲಿ ಭಯ ಶುರುವಾದದ್ದು ಸರಾಸರಿ ಸುಮಾರು 4 ವರ್ಷ ತಡವಾಗಿ. ಬೆಚ್ಚಿದಾಗ ಮೈ ಸೆಟೆದುಕೊಳ್ಳುತ್ತದೆ, ನೋವಿದ್ದ ಕೀಲು ಚುಳುಕ್ ಅನ್ನುತ್ತದೆ, ನಾಯಿಯ ಲೆಕ್ಕದಲ್ಲಿ ಹೊಡೆದದ್ದು ಆ ಶಬ್ದವೇ. ಇಪ್ಪತ್ತೇ ನಾಯಿ ಅಂತ ತಳ್ಳಿಹಾಕಬೇಡಿ, ಪರೀಕ್ಷೆಯ ಮೇಜಿನ ಮೇಲೆ ನಾನೂ ಇಂಥವನ್ನು ಕಂಡಿದ್ದೇನೆ.

ಎಕ್ಸ್‌ರೇ ಇರುವ ಕಡೆ ಕರೆದೊಯ್ಯಿರಿ. ಅಲ್ಲಿಯವರೆಗೆ ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ, ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿ ಕೆಡಿಸುತ್ತದೆ. ಮೆಡಿಕಲ್ ಶಾಪಿನ ಮಾತ್ರೆ ಬಿಟ್ಟದ್ದು ಒಳ್ಳೆಯದಾಯಿತು. ಎಸಿಪ್ರೊಮಜಿನ್ ಥರದ ಹಳೇ ಔಷಧ ಮೈಯನ್ನು ಮಲಗಿಸುತ್ತದೆ, ಭಯವನ್ನಲ್ಲ. ನಾಯಿ ಏಳಲಾಗದೆ ಒಳಗೊಳಗೇ ನಡುಗುತ್ತದೆ. ಟ್ರಾಜೊಡೋನ್, ಗಾಬಪೆಂಟಿನ್ ಹಾಗಲ್ಲ, ಅವು ಭಯವನ್ನು ತಗ್ಗಿಸುವ ಔಷಧಗಳು. ಅವನ್ನು ತೂಕ ನೋಡಿ ವೈದ್ಯರೇ ಬರೆಯಬೇಕು, ಗುಡುಗಿಗೆ ಒಂದೆರಡು ಗಂಟೆ ಮೊದಲೇ ಕೊಡಬೇಕು, ಗಲಾಟೆ ಇಲ್ಲದ ದಿನ ಒಮ್ಮೆ ಕೊಟ್ಟು ನೋಡಿರಬೇಕು. ಗುಡುಗು ಬರುವುದು ಮೊದಲೇ ತಿಳಿಯಲು ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಇದೆ, ಹತ್ತಿರದ ಸಿಡಿಲು ತೋರಿಸುತ್ತದೆ.

ಕಡಬದವ
ಮಲಗುವ ಜಾಗದ್ದು? ಅಡಿಕೆ ಮೂಟೆ ಇಡುವ ಕೋಣೆ ಇರಬೇಕಲ್ಲ ನಿಮ್ಮಲ್ಲಿ. ಮಣ್ಣಿನ ಗೋಡೆ, ಮೂಟೆಗಳ ಮಧ್ಯ ಒಂದು ಗೋಣಿ ಹಾಸಿ. ಅಮ್ಮನ ಅಡುಗೆಮನೆ ದಾಟಬೇಕಾಗಿಲ್ಲ. ಒಳಗೊಂದು ಟೇಬಲ್ ಫ್ಯಾನು ಜೋರಾಗಿ ಹಾಕಿಡಿ, ಅದರ ಸದ್ದಲ್ಲಿ ಹೊರಗಿನ ಶಬ್ದ ಸ್ವಲ್ಪ ಮುಚ್ಚಿಹೋಗ್ತದೆ. ಬಾಗಿಲು ಹಾಕಬೇಡಿ, ಕೂಡಿಹಾಕಿದ್ರೆ ಮತ್ತೆ ಕೆರೀತದೆ.

ಮೂರ್‌ಪಿನ್
ಎಲ್ಲ ಸರಿ. ಆದ್ರೆ ಮೋಡ ಕಟ್ಟಿದ ಕೂಡ್ಲೇ, ಗುಡುಗೇ ಬರೋ ಮೊದ್ಲು ನಡುಗೋದು ಯಾಕೆ? ನೋವಿಗೆ ಮೋಡ ಕಾಣುತ್ತಾ?

ಹಳೇ ಪಶುವೈದ್ಯ
ನಮಗೆ ಕೇಳದ ದೂರದ ಗುಡುಗು ಅದಕ್ಕೆ ಕೇಳುತ್ತದೆ. ಮಳೆಗಾಳಿಯ ವಾಸನೆ, ಕತ್ತಲು, ಮಿಂಚು, ಎಲ್ಲವೂ ಗುಡುಗಿನ ಮುನ್ಸೂಚನೆ ಅಂತ ಕಲಿತಿರುತ್ತದೆ. ಯೂಟ್ಯೂಬ್ ಒಂದರಿಂದಲೇ ಆಗದಿರುವುದೂ ಇದಕ್ಕೇ. ಇನ್ನು ಫುಲ್ ವಾಲ್ಯೂಮ್ ಅಂದರೆ ಅಭ್ಯಾಸವಲ್ಲ, ಇನ್ನೊಂದು ಗುಡುಗು. ನಾಯಿ ಕಿವಿ ತಿರುಗಿಸಿ ಮತ್ತೆ ಊಟಕ್ಕೆ ಬಾಯಿ ಹಾಕುವಷ್ಟು ಸಣ್ಣದಾಗಿ ಶುರು ಮಾಡಿ, ಶಬ್ದ ಬಂದ ಮೇಲೆ ತಿಂಡಿ ಬೀಳಬೇಕು, ಮೊದಲಲ್ಲ. ಮಲೆನಾಡಿನವರಿಗೆ ಒಂದು ಅನುಕೂಲ ಇದೆ. ಜೂನ್ ಹಿಡಿದ ಮೇಲೆ ಜಡಿಮಳೆ, ಗುಡುಗು ಕಡಿಮೆ. ಆ ತಿಂಗಳುಗಳಲ್ಲಿ ಕಲಿಸಿ. ಅಕ್ಟೋಬರಿನಲ್ಲಿ ಗುಡುಗು, ಅದರ ಬೆನ್ನಿಗೆ ದೀಪಾವಳಿ.

ತೋಟದಮನೆ (ಕೊಪ್ಪ)
ತಡವಾಗಿ ಬರೀತಿದ್ದೇನೆ. ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿದ್ವಿ. ಎಕ್ಸ್‌ರೇಯಲ್ಲಿ ಎರಡೂ ಸೊಂಟದ ಕೀಲು ಸವೆದಿದೆ, ಎಡಗಡೆ ಜಾಸ್ತಿ. ನಾಯಿಗೆಂದೇ ಇರುವ ನೋವಿನ ಔಷಧ ಬರೆದಿದ್ದಾರೆ, ಗುಡುಗಿನ ದಿನಕ್ಕೆ ಬೇರೆ ಮಾತ್ರೆ. ಅಡಿಕೆ ಕೋಣೆಗೆ ಅಮ್ಮ ಒಪ್ಪಿದ್ರು, ಮೂಟೆ ಮುಟ್ಟಬಾರದು ಅಂತ ಷರತ್ತು. ಮೊನ್ನೆ ಕೃತ್ತಿಕೆ ಮಳೆಗೆ ಸಿಡಿಲು ಜೋರಿತ್ತು. ನಡುಗಿದ, ಏದುಸಿರೂ ಇತ್ತು. ಆದ್ರೆ ಬಾಗಿಲು ಕೆರೀಲಿಲ್ಲ. ಪ್ರತಿ ಗುಡುಗಿಗೂ ಒಣಮೀನಿನ ಚೂರು ಹಾಕಿದೆ, ಮೊದಮೊದಲಿಗೆ ಮುಟ್ಟಲಿಲ್ಲ, ಮಳೆ ತಗ್ಗಿದ ಮೇಲೆ ಬಿದ್ದದ್ದೆಲ್ಲ ಹೆಕ್ಕಿ ತಿಂದ.

ಹಳೇ ಪಶುವೈದ್ಯ
ಒಣಮೀನಲ್ಲಿ ಉಪ್ಪು ಜಾಸ್ತಿ. ನೆನೆಸಿ ತೊಳೆದು ಕೊಡಿ, ಅಥವಾ ಬೇಯಿಸಿದ ಕೋಳಿ ಪಿತ್ತಜನಕಾಂಗ. ತೂಕ ಏರಲು ಬಿಡಬೇಡಿ, ಸೊಂಟಕ್ಕೆ ಭಾರ. ಹಂದಿ ಪಟಾಕಿಗೆ ಇನ್ನು ಕರೆದೊಯ್ಯಬೇಡಿ.

ಮುದ್ದೆರಾಕಿ
ನಮ್ ರಾಕಿನೂ ಈಗೀಗ ಕಾರಿಗೆ ಹತ್ತಲ್ಲ. ತೋರಿಸ್ಬೇಕಾ?

ಹಳೇ ಪಶುವೈದ್ಯ
ತೋರಿಸಿ.

ಹೆಬ್ಬಾಳಸ್ಟುಡಿಯೋ
ಮೀಟರ್ ಫೋಟೋ ಹಾಕಿದ್ದೀನಿ ನೋಡಿ. ಫ್ಯಾನ್ ಬದ್ಲು ಏರ್ ಪ್ಯೂರಿಫೈಯರ್ ಇಟ್ಟರೆ ಶಬ್ದ ಇನ್ನೂ ಸಮನಾಗಿ ಬರುತ್ತೆ.

ಪಮ್ಮಿಅಮ್ಮ
ನಮ್ಮ ಪಮ್ಮಿಗೂ ಸೇಮ್ ಪ್ರಾಬ್ಲಮ್, ಮೇಲೆ ಹೇಳಿದ ಮಾತ್ರೆ ಎಷ್ಟು ಕೊಡಬೇಕು? ಅರ್ಜೆಂಟ್.

ಹಳೇ ಪಶುವೈದ್ಯ
ಪ್ರಮಾಣ ಇಲ್ಲಿ ಬರೆಯುವುದಿಲ್ಲ ತಾಯಿ, ನಿಮ್ಮ ವೈದ್ಯರನ್ನು ಕೇಳಿ. ಬೇರೆ ಚರ್ಚೆ ಶುರು ಮಾಡಿ. ವಯಸ್ಸು, ತೂಕ, ಯಾವಾಗಿನಿಂದ, ಎಲ್ಲಿ ಮಲಗುತ್ತದೆ, ಮೇಲಿನ ಛಾವಣಿ ಯಾವುದು, ಇಷ್ಟನ್ನೂ ಬರೆಯಿರಿ.