ಖಿನ್ನತೆಯ ಮಾತ್ರೆ ತಪ್ಪಿದಾಗ ತಲೆಯೊಳಗೆ ಕರೆಂಟು ಹೊಡೆದಂತಾಗುವುದು ಚಟದ ಲಕ್ಷಣವೇ?

ಪ್ರಶ್ನೆ: ತುಂಗಾತೀರ

ನನ್ನ ಅಕ್ಕ ಖಿನ್ನತೆ ಮತ್ತು ಆತಂಕಕ್ಕಾಗಿ ಸುಮಾರು ಎರಡು ವರ್ಷಗಳಿಂದ ಎಸಿಟಲೋಪ್ರಾಮ್ ಮಾತ್ರೆಯನ್ನು ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳುತ್ತಿದ್ದಾರೆ. ಈಚೆಗೆ ಶೃಂಗೇರಿ ಕಡೆಯ ನಮ್ಮ ಮೂಲ ಊರಿಗೆ ಮದುವೆಗೆಂದು ಹೋಗಿದ್ದಾಗ ಮಾತ್ರೆ ಮುಗಿಯಿತು. ಅಲ್ಲಿನ ಮೆಡಿಕಲ್ ಶಾಪಿನಲ್ಲಿ ಅದು ಸಿಗಲಿಲ್ಲ. ಮೊದಲ ದಿನ ಏನೂ ಆಗಲಿಲ್ಲ. ಆಮೇಲೆ ತಲೆಸುತ್ತು, ವಾಕರಿಕೆ, ಬೆವರು, ರಾತ್ರಿಯೆಲ್ಲ ವಿಪರೀತ ಕನಸು, ಸಣ್ಣ ಮಾತಿಗೂ ಅಳು ಆರಂಭವಾದವು. ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಹೆದರಿಸಿದ್ದು, ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದಾಗ ಯಾರೋ ಕರೆದರೆಂದು ಕಣ್ಣು ಹೊರಳಿಸಿದ ಕ್ಷಣದಲ್ಲಿ ತಲೆಯೊಳಗೆ ಕರೆಂಟು ಹೊಡೆದಂತೆ ಚುರ್ ಎಂದದ್ದು; ಸೌಟನ್ನು ಹಿಡಿದುಕೊಂಡೇ ಪಕ್ಕದ ಕಂಬಕ್ಕೆ ಒರಗಿ ನಿಂತುಬಿಟ್ಟರು. ಮನೆಯ ಹಿರಿಯರು ಪಿತ್ತ ಕೆದರಿದೆ ಎಂದು ಜೀರಿಗೆ ಕಷಾಯ ಕೊಟ್ಟರು.

ಮನೆಗೆ ಮರಳಿ ಮಾತ್ರೆ ಶುರು ಮಾಡಿದ ಮೇಲೆ ಬಹುಪಾಲು ತೊಂದರೆ ಬೇಗನೆ ತಗ್ಗಿತು. ಆದರೆ ಇದನ್ನೇ ಹಿಡಿದುಕೊಂಡು ಭಾವನವರು, "ಬಿಟ್ಟರೆ ಒದ್ದಾಟ, ನುಂಗಿದರೆ ನೆಮ್ಮದಿ ಎಂದಾದರೆ ಅದು ಚಟವಲ್ಲದೆ ಮತ್ತೇನು" ಎಂದು ಮಾತ್ರೆಯನ್ನು ಪೂರ್ತಿ ನಿಲ್ಲಿಸುವ ಹಟಕ್ಕೆ ಬಿದ್ದಿದ್ದಾರೆ. ಅಕ್ಕನಿಗೋ ಕಾಯಿಲೆಯೇ ಮರಳಿ ಬಂತೆಂಬ ಭಯ. ಇವರಿಬ್ಬರಲ್ಲಿ ಯಾರು ಹೇಳುವುದು ಸರಿ? ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬಹುದೇ?

ಉತ್ತರ: ಮನೋವೈದ್ಯ, ದಾವಣಗೆರೆ

ಇಬ್ಬರ ಅನುಮಾನವೂ ಸಹಜವೇ, ಆದರೆ ನೀವು ವಿವರಿಸಿರುವುದು ಚಟವೂ ಅಲ್ಲ, ಮೇಲ್ನೋಟಕ್ಕೆ ಕಾಯಿಲೆಯ ಮರುಕಳಿಕೆಯೂ ಅಲ್ಲ. ಸೆರೊಟೋನಿನ್ ಎಂಬ ರಾಸಾಯನಿಕವನ್ನು ನರಕೋಶಗಳು ಮರಳಿ ಹೀರಿಕೊಳ್ಳುವುದನ್ನು ಈ ಮಾತ್ರೆ ತಡೆಯುತ್ತದೆ. ತಿಂಗಳುಗಟ್ಟಲೆ ಹಾಗೆ ತಡೆದಾಗ ಮಿದುಳು ಆ ಸ್ಥಿತಿಗೆ ತಕ್ಕಂತೆ ತನ್ನನ್ನು ಹೊಂದಿಸಿಕೊಂಡಿರುತ್ತದೆ. ಔಷಧ ಥಟ್ಟನೆ ಇಲ್ಲವಾದರೆ ಮತ್ತೆ ಹೊಂದಿಕೊಳ್ಳಲು ಅದಕ್ಕೆ ಕಾಲ ಬೇಕಾಗುತ್ತದೆ, ಆ ನಡುವಿನ ಅವಧಿಯ ತೊಂದರೆಗಳೇ ಇವು. ಇದು ಹೊಸದಾಗಿ ಕಂಡದ್ದೂ ಅಲ್ಲ: ಮೊದಲ ತಲೆಮಾರಿನ ಖಿನ್ನತೆ ಔಷಧವಾದ ಇಮಿಪ್ರಮಿನ್ ನಿಲ್ಲಿಸಿದವರಲ್ಲಿ 1950ರ ದಶಕದ ಕೊನೆಗೇ ಇದನ್ನು ಗುರುತಿಸಲಾಗಿತ್ತು.

ಚಟವೆಂದರೆ ವಸ್ತುವಿಗಾಗಿ ಹಾತೊರೆಯುವುದು, ಪ್ರಮಾಣವನ್ನು ತಾನಾಗಿ ಏರಿಸುತ್ತ ಹೋಗುವುದು, ಅದಕ್ಕಾಗಿ ಮನೆ ಕೆಲಸವನ್ನೆಲ್ಲ ಬದಿಗೊತ್ತುವುದು. ನಿಮ್ಮ ಅಕ್ಕನವರಲ್ಲಿ ಇದಾವುದೂ ಇದ್ದಂತಿಲ್ಲ.

ಮರುಕಳಿಕೆಯನ್ನು ಬೇರ್ಪಡಿಸಿ ನೋಡಲು ಎರಡು ಗುರುತುಗಳು ನೆರವಾಗುತ್ತವೆ. ಮೊದಲನೆಯದು ಕಾಲ: ಮಾತ್ರೆ ನಿಂತ ತೊಂದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ತಲೆದೋರಿ, ಮಾತ್ರೆ ಮತ್ತೆ ಆರಂಭಿಸಿದರೆ ಬೇಗನೆ ಇಳಿಯುತ್ತದೆ, ಆದರೆ ಖಿನ್ನತೆ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ನಿಧಾನವಾಗಿ ಮರಳುತ್ತದೆ, ಮಾತ್ರೆಗೂ ಅಷ್ಟೇ ನಿಧಾನವಾಗಿ ಸ್ಪಂದಿಸುತ್ತದೆ. ಎರಡನೆಯದು ಲಕ್ಷಣಗಳ ಸ್ವರೂಪ: ಕಣ್ಣು ಹೊರಳಿಸಿದಾಗ ಶಾಕ್ ಹೊಡೆದಂತಾಗುವುದು, ನೆಲ ಓಲಾಡಿದಂತಾಗುವುದು ಖಿನ್ನತೆಯ ಲಕ್ಷಣಗಳಲ್ಲ. ಅಳು, ನಿದ್ರಾಭಂಗ, ಆತಂಕಗಳು ಮಾತ್ರ ಎರಡರಲ್ಲೂ ಇರುವುದರಿಂದ ಗೊಂದಲಕ್ಕೆ ಎಡೆಯಾಗುತ್ತದೆ, ಎಷ್ಟೋ ಬಾರಿ ವೈದ್ಯರಿಗೂ.

ಎಲ್ಲರಿಗೂ ಹೀಗಾಗುತ್ತದೆಂದು ಭಾವಿಸಬೇಡಿ. ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ 2024ರಲ್ಲಿ ಬಂದ, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ, ಔಷಧ ನಿಲ್ಲಿಸಿದವರಲ್ಲಿ ಸುಮಾರು ಶೇ. 31ರಷ್ಟು ಮಂದಿ ತೊಂದರೆ ಹೇಳಿಕೊಂಡಿದ್ದರು. ಔಷಧವಿಲ್ಲದ ಹುಸಿ ಮಾತ್ರೆ ನಿಲ್ಲಿಸಿದವರಲ್ಲೂ ಶೇ. 17ರಷ್ಟು ಮಂದಿ ಹೇಳಿಕೊಂಡಿದ್ದರು. ತೀವ್ರ ತೊಂದರೆ ಕಂಡದ್ದು ಸುಮಾರು ಶೇ. 3ರಷ್ಟು ಜನರಲ್ಲಿ. ಆ ಸಣ್ಣ ಗುಂಪಿನಲ್ಲಿರುವವರಿಗೆ ಇದು ಸಣ್ಣ ವಿಷಯವೇನಲ್ಲ.

ಉತ್ತರ: ಹಳೇ ಮೈಸೂರಿನವ

ನಾನು ಫ್ಲೂಆಕ್ಸಿಟಿನ್ ಎಂಬ ಇನ್ನೊಂದು ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ವೈದ್ಯರು ನಿಲ್ಲಿಸಿ ಎಂದ ದಿನವೇ ನಿಲ್ಲಿಸಿದೆ, ಒಂದು ಸಣ್ಣ ತಲೆನೋವೂ ಬರಲಿಲ್ಲ. ಇಂಥ ಚರ್ಚೆಗಳನ್ನು ಓದಿ ಹೆದರಿ, ಬೇಕಾದ ಔಷಧವನ್ನು ಆರಂಭಿಸಲೇ ಹಿಂಜರಿಯುವವರಿದ್ದಾರೆ ಎಂಬುದನ್ನೂ ನೆನಪಿಡಬೇಕು.

ಉತ್ತರ: ಔಷಧಿ ಅಂಗಡಿ, ಹಾಸನ

ಮೇಲಿನವರ ಅನುಭವ ಅವರ ಮಾತ್ರೆಯ ಮಟ್ಟಿಗೆ ನಿಜ. ಫ್ಲೂಆಕ್ಸಿಟಿನ್ ಮತ್ತು ಅದರಿಂದ ದೇಹದಲ್ಲಿ ಉಂಟಾಗುವ ಸಕ್ರಿಯ ಅಂಶವು ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಹಲವು ದಿನಗಳೇ ಬೇಕು, ಹಾಗಾಗಿ ಅದು ತನ್ನಿಂದ ತಾನೇ ನಿಧಾನವಾಗಿ ಕಡಿಮೆಯಾಗುತ್ತದೆ. ಎಸಿಟಲೋಪ್ರಾಮ್ ಸುಮಾರು 30 ಗಂಟೆಗಳಲ್ಲಿ, ಪ್ಯಾರಾಕ್ಸಿಟಿನ್ 21 ಗಂಟೆಗಳಲ್ಲಿ, ವೆನ್ಲಾಫಾಕ್ಸಿನ್ ಕೇವಲ 5 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತವೆ. ವೆನ್ಲಾಫಾಕ್ಸಿನ್ ಸೇವಿಸುವ ಕೆಲವರಿಗೆ ಬೆಳಗಿನ ಮಾತ್ರೆ ತಪ್ಪಿದರೆ ಸಂಜೆಯೊಳಗೇ ಗೊತ್ತಾಗಿಬಿಡುತ್ತದೆ.

ಆದರೆ ನಾನು ಬರೆಯಲು ಕುಳಿತದ್ದು ಬೇರೆ ಕಾರಣಕ್ಕೆ. ದಯವಿಟ್ಟು ಸ್ಟ್ರಿಪ್ಪಿನ ಹಿಂಬದಿಯನ್ನು ಓದಿ. ನಮ್ಮ ದೇಶದಲ್ಲಿ ಎಸಿಟಲೋಪ್ರಾಮ್ ಜೊತೆಗೆ ಕ್ಲೋನಾಜೆಪಾಮ್ ಬೆರೆಸಿದ ಮಾತ್ರೆಗಳು ಧಾರಾಳವಾಗಿ ಮಾರಾಟವಾಗುತ್ತವೆ. ಬ್ರ್ಯಾಂಡಿನ ಹೆಸರಿನ ಮುಂದೆ ‘ಪ್ಲಸ್’ ಅಥವಾ ಅಂಥದೇ ಒಂದು ಬಾಲವಿರುತ್ತದೆ, ಮನೆಯವರು ಮೊದಲ ಹೆಸರನ್ನಷ್ಟೇ ನೆನಪಿಟ್ಟುಕೊಂಡಿರುತ್ತಾರೆ. ನಾಲ್ಕೈದು ಮಾತ್ರೆ ಸಾಕೆಂದು ಸ್ಟ್ರಿಪ್ಪನ್ನು ಕತ್ತರಿಸಿ ಕೊಂಡುಹೋಗುವವರಿಗಂತೂ ಹೆಸರಿನ ಅರ್ಧ ಭಾಗ ಅಂಗಡಿಯಲ್ಲೇ ಉಳಿಯುತ್ತದೆ. ಕ್ಲೋನಾಜೆಪಾಮ್ ಬೇರೆಯೇ ವರ್ಗದ, ಆತಂಕ ತಗ್ಗಿಸಿ ನಿದ್ದೆ ತರಿಸುವ ಔಷಧ. ದೀರ್ಘಕಾಲ ಸೇವಿಸಿದವರಲ್ಲಿ ಅದಕ್ಕೆ ಅವಲಂಬನೆ ಬೆಳೆಯುವುದು ನಿಜ, ಹಾಗೂ ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಉಂಟು.

ಪ್ರಶ್ನೆ ಕೇಳಿದವರಿಂದ: ತುಂಗಾತೀರ

ಈಗಷ್ಟೇ ಅಕ್ಕನ ಮನೆಗೆ ಫೋನ್ ಮಾಡಿ ಸ್ಟ್ರಿಪ್ಪಿನ ಫೋಟೋ ತರಿಸಿಕೊಂಡೆ. ಎಸಿಟಲೋಪ್ರಾಮ್ 10 ಮಿಲಿಗ್ರಾಂ, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಕ್ಲೋನಾಜೆಪಾಮ್ 0.5 ಮಿಲಿಗ್ರಾಂ ಎಂದಿದೆ. ನಿದ್ದೆಗೆಂದು ಎರಡನೆಯದೂ ಅದರಲ್ಲಿ ಸೇರಿದೆಯೆಂಬುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಭಾವನವರು ಸದ್ಯಕ್ಕೆ ಸುಮ್ಮನಾಗಿದ್ದಾರೆ, ಆದರೆ "ಹಾಗಾದರೆ ಇದನ್ನು ಬಿಡುವ ದಾರಿ ಯಾವುದು" ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ.

ಉತ್ತರ: ಲೀಡ್ಸ್ ಕನ್ನಡತಿ

ನಾನು ಇಂಗ್ಲೆಂಡಿನಲ್ಲಿ ಆಸ್ಪತ್ರೆಯೊಂದರ ಫಾರ್ಮಸಿಯಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಹಿಂದೆ ಎರಡರಿಂದ ನಾಲ್ಕು ವಾರಗಳಲ್ಲಿ ಮಾತ್ರೆ ಬಿಡಿಸುವುದೇ ವಾಡಿಕೆಯಾಗಿತ್ತು. 2019ರಲ್ಲಿ ಹೊರೊವಿಟ್ಜ್ ಮತ್ತು ಟೇಲರ್ ಎಂಬ ವೈದ್ಯರು ಬರೆದ ಲೇಖನವೊಂದು ಈ ವಾಡಿಕೆಯನ್ನು ಪ್ರಶ್ನಿಸಿತು. 2020ರಲ್ಲಿ ಇಲ್ಲಿನ ಮನೋವೈದ್ಯರ ಸಂಸ್ಥೆಯಾದ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ ರೋಗಿಗಳಿಗಾಗಿ ವಿವರವಾದ ಮಾಹಿತಿಯನ್ನೇ ಹೊರತಂದಿತು.

ಹೊರೊವಿಟ್ಜ್ ಮತ್ತು ಟೇಲರ್ ಅವರ ವಾದದ ತಿರುಳು ಇಷ್ಟು: ಮಾತ್ರೆಯ ಪ್ರಮಾಣ ಅರ್ಧವಾದರೆ ಮಿದುಳಿನ ಮೇಲಿನ ಪರಿಣಾಮವೂ ಅರ್ಧವಾಗುವುದಿಲ್ಲ. ಎಸಿಟಲೋಪ್ರಾಮ್‌ನ ಹತ್ತಿರದ ಸಂಬಂಧಿಯಾದ ಸಿಟಲೋಪ್ರಾಮ್ 20 ಮಿಲಿಗ್ರಾಂ ತೆಗೆದುಕೊಂಡಾಗ ಸೆರೊಟೋನಿನ್ ಹೀರುವ ತಾಣಗಳಲ್ಲಿ ಸುಮಾರು ಶೇ. 80ರಷ್ಟು ಮುಚ್ಚಿರುತ್ತವೆ, 5 ಮಿಲಿಗ್ರಾಂ ಆಸುಪಾಸಿಗೆ ಇಳಿದರೂ ಸುಮಾರು ಶೇ. 60ರಷ್ಟು ಮುಚ್ಚಿಯೇ ಇರುತ್ತವೆ. ಅಂದರೆ 20ರಿಂದ 5ಕ್ಕೆ ಬರುವುದು ಸಣ್ಣ ಇಳಿತ, 5ರಿಂದ ಸೊನ್ನೆಗೆ ಹೋಗುವುದು ದೊಡ್ಡ ಜಿಗಿತ. ಬಾವಿಯ ಮೆಟ್ಟಿಲುಗಳಲ್ಲಿ ಕೊನೆಯದೇ ಎಲ್ಲಕ್ಕಿಂತ ಎತ್ತರವಾಗಿದ್ದಂತೆ ಎನ್ನಿ. "ಅರ್ಧ ಮಾಡಿದಾಗ ಏನೂ ಆಗಲಿಲ್ಲ, ಪೂರ್ತಿ ಬಿಟ್ಟಾಗ ಕುಸಿದುಬಿದ್ದೆ" ಎಂದು ಜನ ಹೇಳುವುದರ ಹಿಂದೆ ಈ ಲೆಕ್ಕವಿದೆ. ಇಲ್ಲಿ ಕೊನೆಯ ಹಂತಕ್ಕೆ ಹನಿಗಳ ರೂಪದ ಔಷಧವನ್ನು ಬಳಸುತ್ತಾರೆ. ನಿಮ್ಮಲ್ಲಿ ಅದು ಸಿಗದಿದ್ದರೆ ಸಣ್ಣ ಪ್ರಮಾಣದ ಮಾತ್ರೆಯನ್ನು ತುಂಡು ಮಾಡುವ ಬಗ್ಗೆ ವೈದ್ಯರನ್ನು ಕೇಳಬಹುದು. ಆದರೆ ನಿಧಾನವಾಗಿ ಬಿಡುಗಡೆಯಾಗುವಂತೆ ತಯಾರಿಸಿದ ಮಾತ್ರೆಗಳನ್ನು ಕೇಳದೆ ತುಂಡು ಮಾಡಲೇಬಾರದು, ಡೆಸ್‌ವೆನ್ಲಾಫಾಕ್ಸಿನ್ ಅಂಥದ್ದು.

ದಿನ ಬಿಟ್ಟು ದಿನ ತೆಗೆದುಕೊಂಡು ಬಿಡುವ ಉಪಾಯವನ್ನು ನಾನು ಯಾರಿಗೂ ಹೇಳುವುದಿಲ್ಲ. ಬೇಗ ಇಳಿಯುವ ಮಾತ್ರೆಗಳಲ್ಲಿ ಅದು ನಿಮ್ಮ ಅಕ್ಕ ಮದುವೆಮನೆಯಲ್ಲಿ ಪಟ್ಟ ಪಾಡನ್ನೇ ಎರಡು ದಿನಕ್ಕೊಮ್ಮೆ ಪಟ್ಟಂತೆ.

ಉತ್ತರ: ಮನೋವೈದ್ಯ, ದಾವಣಗೆರೆ

ಹಾಸನದವರು ಸ್ಟ್ರಿಪ್ಪು ನೋಡಿಸಿದ್ದು ಬಹಳ ಒಳ್ಳೆಯದಾಯಿತು. ಬೆರಕೆ ಮಾತ್ರೆಯ ತೊಡಕೇ ಇದು: ಒಂದನ್ನು ತಗ್ಗಿಸಹೊರಟರೆ ಇನ್ನೊಂದೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಸಾಮಾನ್ಯವಾಗಿ ನಾವು ಮೊದಲು ಎರಡನ್ನೂ ಪ್ರತ್ಯೇಕ ಮಾತ್ರೆಗಳಾಗಿ ಬರೆದುಕೊಟ್ಟು, ಒಂದನ್ನು ಇದ್ದಂತೆಯೇ ಇರಿಸಿ ಮತ್ತೊಂದನ್ನು ಹಂತ ಹಂತವಾಗಿ ಇಳಿಸುತ್ತೇವೆ. ಯಾವುದು ಮೊದಲು, ಎಷ್ಟು ತಿಂಗಳು ಎಂಬುದು ಅವರನ್ನು ನೋಡುತ್ತಿರುವ ವೈದ್ಯರ ತೀರ್ಮಾನ.

ಎಸಿಟಲೋಪ್ರಾಮ್ ಬಿಡಲೇಬೇಕೇ ಎಂಬುದನ್ನೂ ಅವರೊಂದಿಗೆ ಮಾತನಾಡಿ. ದೀರ್ಘಕಾಲ ಮಾತ್ರೆ ಸೇವಿಸಿ ಚೇತರಿಸಿಕೊಂಡವರ ಮೇಲೆ ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾತ್ರೆ ಬಿಟ್ಟವರಲ್ಲಿ ಶೇ. 56ರಷ್ಟು ಮಂದಿಗೆ, ಮುಂದುವರಿಸಿದವರಲ್ಲಿ ಶೇ. 39ರಷ್ಟು ಮಂದಿಗೆ ವರ್ಷದೊಳಗೆ ಖಿನ್ನತೆ ಮರಳಿತು. ಭಾವನವರು ಇದನ್ನು ಎರಡೂ ಕಡೆಯಿಂದ ಓದಲಿ: ಬಿಡುವುದರಲ್ಲಿ ಅಪಾಯವಿದೆ, ಬಿಟ್ಟ ಎಷ್ಟೋ ಜನ ಚೆನ್ನಾಗಿಯೂ ಇದ್ದರು.

ಮುಂದೆ ಎಂದಾದರೂ ಒಂದು ಹೊತ್ತು ತಪ್ಪಿದರೆ ನೆನಪಾದಾಗ ತೆಗೆದುಕೊಳ್ಳಲಿ. ಮುಂದಿನ ಮಾತ್ರೆಯ ಸಮಯ ಹತ್ತಿರವಾಗಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಲಿ, ಎರಡನ್ನು ಒಟ್ಟಿಗೆ ನುಂಗುವುದು ಬೇಡ. ಫಿಟ್ಸ್ ಬಂದರೆ, ಗೊಂದಲದಿಂದ ಮಾತು ತಪ್ಪಿದರೆ ಅಥವಾ ಬದುಕುವುದು ಬೇಡವೆಂಬ ಮಾತು ಬಾಯಿಗೆ ಬಂದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪರವೂರಿನಲ್ಲಿದ್ದಾಗ ಸಲಹೆ ಬೇಕಾದರೆ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ವೈದ್ಯರಲ್ಲಿಗೆ ಹೋಗುವಾಗ ಮಾತ್ರೆ ತಪ್ಪಿದ ದಿನಾಂಕ, ಯಾವ ಲಕ್ಷಣ ಯಾವ ದಿನ ಶುರುವಾಯಿತು, ಮತ್ತೆ ನುಂಗಿದ ಮೇಲೆ ಯಾವುದು ಯಾವಾಗ ಇಳಿಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಹಳೆಯ ಚೀಟಿ ಮತ್ತು ಆ ಸ್ಟ್ರಿಪ್ಪಿನೊಂದಿಗೆ ಒಯ್ಯಿರಿ.